ಎಂಬತ್ತೆರಡು ಕುದುರೆ, ಒಬ್ಬ ಸವಾರ

ಕಳೆದ ತಿಂಗಳು ಶಿರಾಡಿ ಘಾಟಿಯ ಏರಿನಲ್ಲಿ ಒಂದು ಮೀನಿನ ಲಾರಿ ನಮ್ಮ ಕಾರನ್ನು ಹಿಂದೆ ಹಾಕಿತು. ಇದರಲ್ಲಿ ಸುದ್ದಿಯೇನೂ ಇಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಮೀನು ಒಯ್ಯುವ ಲಾರಿಗಳು ಯಾರನ್ನು ತಾನೇ ಹಿಂದೆ ಹಾಕಿಲ್ಲ? ಆದರೆ ಈ ಲಾರಿ ಸುಮ್ಮನೆ ದಾಟಿ ಹೋಗಲಿಲ್ಲ. ನಮ್ಮ ಮಗ್ಗುಲಿಗೆ ಬಂದು ಕಾಲು ನಿಮಿಷ ಜೊತೆಯಲ್ಲೇ ಏರಿತು. ಅದರ ಕ್ಲೀನರ್ ಹುಡುಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರನ್ನು ನೋಡುವ ಹಾಗೆ ನನ್ನನ್ನು ನೋಡಿದ. ಆಮೇಲೆ ಲಾರಿ ಮುಂದೆ ಹೋಗಿ, ಮಂಜುಗಡ್ಡೆ ಕರಗಿದ ಮೀನಿನ ನೀರನ್ನು ನಮ್ಮ ಮುಂದಿನ ಗಾಜಿನ ಮೇಲೆ ತೀರ್ಥದಂತೆ ಪ್ರೋಕ್ಷಿಸಿತು.

ಹಿಂದಿನ ಸೀಟಿನಿಂದ ಪುತ್ತೂರಿನ ಭಾವಮೈದ ಹೇಳಿದ: "ಎಂಥದು ಭಾವ, ನಿಮ್ಮ ಗಾಡಿಗೆ ಪಿಕಪ್ಪೇ ಇಲ್ಲ ಮಾರಾಯ್ರೆ!"

ಪಿಕಪ್ ಎಂಬುದು ಗ್ಯಾರೇಜು ಕನ್ನಡ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ವೇಗೋತ್ಕರ್ಷ ಎಂಬ ಹೆಸರಿದೆ. ಅದನ್ನು ಉಚ್ಚರಿಸಿ ಮುಗಿಸುವಷ್ಟರಲ್ಲಿ ಲಾರಿ ಇನ್ನೊಂದು ತಿರುವು ದಾಟಿರುತ್ತದೆ. ಹಾಗಾಗಿ ನಾನೂ ಪಿಕಪ್ ಎಂದೇ ಬರೆಯುತ್ತೇನೆ.

ಆ ರಾತ್ರಿ ಹನ್ನೊಂದಕ್ಕೆ ಬೆಂಗಳೂರು ಮುಟ್ಟಿ, ಸಾಮಾನೆಲ್ಲ ಮೇಲೆ ಸಾಗಿಸಿದ ಮೇಲೆ, ನೋಟ್‌ಬುಕ್ ಹಿಡಿದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದೆ. ಬಾನೆಟ್ ಇನ್ನೂ ಬಿಸಿಯಾಗಿತ್ತು. ಒಳಗೆ ಏನೋ ಟಿಕ್ ಟಿಕ್ ಎನ್ನುತ್ತಿತ್ತು. ಬೇಸರದಲ್ಲಿ ನೆಟಿಗೆ ಮುರಿಯುವ ಸದ್ದಿನಂತೆ.

ನಾನು: ನಮಸ್ಕಾರ. ತಮ್ಮ ಹತ್ತಿರ ನಾಲ್ಕು ಮಾತಾಡೋಣ ಅಂತ ಬಂದೆ.

ಗಾಡಿ: ತಮ್ಮ! ಹನ್ನೊಂದು ವರ್ಷ ಏಕವಚನದಲ್ಲೇ ಬೈದವರು ಇವತ್ತು ಬಹುವಚನಕ್ಕೆ ಬಂದಿದೀರಿ. ಮಾರೋ ಯೋಚನೆ ಏನಾದ್ರೂ ಇದೆಯಾ ಯಜಮಾನ್ರೇ?

ನಾನು: ಛೆ, ಪತ್ರಿಕೆಗೆ ಸಂದರ್ಶನ. ಮೊದಲು ಓದುಗರಿಗೆ ನಿಮ್ಮ ಪರಿಚಯ ಮಾಡಿಕೊಡಿ.

ಗಾಡಿ: ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, 1197 ಸಿಸಿ. ಶಕ್ತಿ 82 ಕುದುರೆ, 6000 ಆರ್‌ಪಿಎಂನಲ್ಲಿ. ಟಾರ್ಕ್ 114 ನ್ಯೂಟನ್ ಮೀಟರ್, 4000 ಆರ್‌ಪಿಎಂನಲ್ಲಿ. ಖಾಲಿ ಮೈತೂಕ 950 ಕೆ.ಜಿ. ಉದ್ದ ನಾಲ್ಕು ಮೀಟರಿಗೆ ಒಂಚೂರು ಕಮ್ಮಿ. ಬಣ್ಣ ಬಿಳಿ ಅಂತ ಆರ್‌ಸಿಯಲ್ಲಿದೆ.

ನಾನು: 1197 ಯಾಕೆ? ಇನ್ನು ಮೂರು ಸಿಸಿ ಸೇರಿಸಿ ದುಂಡಗೆ ಮಾಡಬಹುದಿತ್ತಲ್ಲ. ಬಾಟಾ ಚಪ್ಪಲಿ ಬೆಲೆ ಥರ ಇದೆ.

ಗಾಡಿ: ಸರಿಯಾಗೇ ಹಿಡಿದ್ರಿ, ಇದು ಬೆಲೆಯ ವಿಷಯವೇ. ನನ್ನನ್ನ ಯಾರೋ ಎಂಜಿನಿಯರ್ ಹೆತ್ತ ಅಂತ ಎಲ್ಲರೂ ತಿಳ್ಕೊಂಡಿದಾರೆ. ಹೆತ್ತಿದ್ದು ಅವನೇ ಇರಬಹುದು, ಆದರೆ ಅಳತೆ ತೆಗೆದ ದರ್ಜಿ ಅರ್ಥಮಂತ್ರಿ. 2006ರ ಬಜೆಟ್‌ನಲ್ಲಿ ಪಿ. ಚಿದಂಬರಂ ಅವರು ಸಣ್ಣ ಕಾರಿನ ಅಬಕಾರಿ ಸುಂಕವನ್ನ 24 ಪರ್ಸೆಂಟಿನಿಂದ 16ಕ್ಕೆ ಇಳಿಸಿದ್ರು. ಸಣ್ಣ ಕಾರು ಅಂದ್ರೆ ಯಾವುದು ಅಂತ ಗೆರೆ ಎಳೀಬೇಕಲ್ಲ? ಉದ್ದ 4 ಮೀಟರ್ ಮೀರಬಾರದು. ಪೆಟ್ರೋಲ್ ಆದ್ರೆ 1200 ಸಿಸಿ, ಡೀಸೆಲ್ ಆದ್ರೆ 1500 ಸಿಸಿ ದಾಟಬಾರದು. ಅವತ್ತಿನಿಂದ ದೇಶದ ಕಾರುಗಳೆಲ್ಲ ಹೊಟ್ಟೆ ಒಳಕ್ಕೆ ಎಳ್ಕೊಂಡು ಬಾಗಿಲು ದಾಟೋ ನೆಂಟರ ಹಾಗೆ ಆದವು. ಹಿಂದಕ್ಕೆ ಚಾಚಿದ ಡಿಕ್ಕಿ ಇದ್ದ ನಮ್ಮ ಅಣ್ಣತಮ್ಮಂದಿರು ಕೆಲವರು ನಾಲ್ಕು ಮೀಟರಿಗೋಸ್ಕರ ಬಾಲ ಕತ್ತರಿಸಿಕೊಂಡ್ರು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18 ಪರ್ಸೆಂಟಿಗೆ ಇಳೀತಲ್ಲ, ಅಲ್ಲೂ ಅದೇ 1200, ಅದೇ 4 ಮೀಟರ್. ಸರ್ಕಾರ ಬದಲಾಗುತ್ತೆ, ತೆರಿಗೆಯ ಹೆಸರು ಬದಲಾಗುತ್ತೆ, ನನ್ನ ಸೊಂಟದ ಸುತ್ತಳತೆ ಮಾತ್ರ ಬದಲಾಗಲ್ಲ.

ನಾನು: ಅಂದರೆ ಪಿಕಪ್ ಇಲ್ಲದಿರೋದು ಕೇಂದ್ರ ಸರ್ಕಾರದ ತಪ್ಪು.

ಗಾಡಿ: ನೋಡಿದ್ರಾ, ಎಷ್ಟು ಬೇಗ ಹಗುರ ಆದ್ರಿ! ನಾನು ಹಾಗೆ ಹೇಳಲಿಲ್ಲ. ಇದೇ ಅಳತೆಯ ಸಾವಿರಾರು ಗಾಡಿ ಅದೇ ಘಾಟಿಯನ್ನ ದಿನಾ ಹತ್ತುತ್ತವೆ.

ನಾನು: ಸರಿ, ವಿಷಯಕ್ಕೆ ಬರೋಣ. ಆ ಲಾರಿ...

ಗಾಡಿ: ಬರ್ಕೊಳ್ಳಿ, ಲೆಕ್ಕ ಕೊಡ್ತೀನಿ. ಅಂದಾಜಿನದೇ, ಆದರೆ ನಿಮ್ಮ ಮನೆ ಖರ್ಚಿನ ಪುಸ್ತಕಕ್ಕಿಂತ ನಿಜ. ನನ್ನ ತೂಕ 950. ಒಳಗೆ ಐದು ಜನ, ಒಟ್ಟು 340 ಕೆ.ಜಿ. ಅಂತಿಟ್ಕೊಳ್ಳಿ. ನಿಮ್ಮ ಭಾವಮೈದನಿಗೆ ಮರ್ಯಾದೆ ಕೊಟ್ಟು ಕಮ್ಮೀನೇ ಹಿಡಿದಿದೀನಿ. ಡಿಕ್ಕಿಯಲ್ಲಿ ಮಾವನ ಮನೆಯ ಕುಚ್ಚಲಕ್ಕಿ ಒಂದು ಮೂಟೆ, ಹದಿನೈದು ತೆಂಗಿನಕಾಯಿ, ತೆಂಗಿನೆಣ್ಣೆ ಡಬ್ಬ, ಹಲಸಿನ ಹಪ್ಪಳ, ಸೂಟ್‌ಕೇಸು. ಅದರಡಿಯಲ್ಲಿ ನಿಮ್ಮ ಖಾಯಂ ಸಾಮಾನು, ಅದರ ಕಥೆ ಆಮೇಲೆ. ಎಲ್ಲಾ ಸೇರಿ 110. ಒಟ್ಟು 1400 ಕೆ.ಜಿ. ರಸ್ತೆ ನೂರಡಿಗೆ ಏಳಡಿ ಏರುತ್ತೆ. ಗಂಟೆಗೆ ನಲವತ್ತರ ವೇಗದಲ್ಲಿ ಈ ಭಾರವನ್ನ ಮೇಲಕ್ಕೆತ್ತೋಕೇ ಹದಿನೈದು ಕುದುರೆ ಬೇಕು. ಟೈರು ಉರುಳಿಸೋಕೆ, ಗಾಳಿ ಸೀಳೋಕೆ ಎರಡು ಮೂರು. ಎಸಿಗೆ ಇನ್ನೆರಡು ಮೂರು. ಇಪ್ಪತ್ತಾಯ್ತಾ?

ನಾನು: ಆಯ್ತು. ಇನ್ನೂ ಅರವತ್ತೆರಡು ಉಳಿಯಿತಲ್ಲ!

ಗಾಡಿ: ಎಲ್ಲಿಂದ ಉಳಿಯುತ್ತೆ? ನೀವು ಹಾಕಿದ್ದು ನಾಲ್ಕನೇ ಗೇರು. ಆ ಗೇರಿನಲ್ಲಿ ನಲವತ್ತರ ವೇಗಕ್ಕೆ ಎಂಜಿನ್ ತಿರುಗೋದು ನಿಮಿಷಕ್ಕೆ 1500 ಸುತ್ತು. ಆ 1500ರಲ್ಲಿ ಆಕ್ಸಿಲರೇಟರ್ ಎಷ್ಟೇ ಒತ್ತಿ, ನನ್ನ ಲಾಯದಲ್ಲಿ ಎದ್ದು ನಿಂತಿರೋ ಕುದುರೆಗಳೇ ಇಪ್ಪತ್ತು. ಉಳಿದವು ಮಲಗಿವೆ. ಆದಾಯ ಇಪ್ಪತ್ತು, ಖರ್ಚು ಇಪ್ಪತ್ತು. ಪಿಕಪ್ ಅನ್ನೋದು ಉಳಿತಾಯದ ದುಡ್ಡು ಯಜಮಾನ್ರೇ, ಸಂಬಳದ ದುಡ್ಡಲ್ಲ. ತಿಂಗಳ ಖರ್ಚು ಕಳೆದು ಮಿಕ್ಕಿದ್ದರಲ್ಲೇ ವೇಗ ಕೊಳ್ಳಬೇಕು.

ನಾನು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಎರಡನೇ ಗೇರಿಗೆ ಇಳಿಸಿದ್ದರೆ?

ಗಾಡಿ: ಅದೇ ನಲವತ್ತು, ಎಂಜಿನ್ 3000. ಎದ್ದು ನಿಂತ ಕುದುರೆ ನಲವತ್ತೈದು. ಖರ್ಚು ಅದೇ ಇಪ್ಪತ್ತು. ಇಪ್ಪತ್ತೈದು ಕೈಯಲ್ಲಿ. ನಿಮಗೆ ಮೀನಿನ ವಾಸನೆಯೇ ಬರ್ತಿರಲಿಲ್ಲ.

ನಾನು: ಎರಡನೇ ಗೇರಿನಲ್ಲಿ ಎಂಜಿನ್ ಅರಚುತ್ತೆ. ಅಯ್ಯೋ ಪಾಪ ಅನ್ನಿಸುತ್ತೆ.

ಗಾಡಿ: ನನಗೆ ಪಾಪ ಅನ್ನಿಸೋದು ನಾಲ್ಕನೇ ಗೇರಿನಲ್ಲಿ ನೀವು ಗುದ್ದಿಸುವಾಗ. ಮೈಯೆಲ್ಲ ನಡುಗುತ್ತೆ, ಡ್ಯಾಶ್‌ಬೋರ್ಡಿನ ಗಣಪತಿ ಕೂತಲ್ಲೇ ಕುಣೀತಾನೆ, ನಿಮಗದು ಮೌನ ಅನ್ನಿಸುತ್ತೆ. ಕೆಂಪು ಗೆರೆ ಇರೋದು 6000ದ ಆಚೆ. 3000 ಅಂದ್ರೆ ನನಗೆ ಬೆಳಗಿನ ವಾಕಿಂಗ್. ಹನ್ನೊಂದು ವರ್ಷದಲ್ಲಿ ನಾನು 4000ದ ಮುಖ ನೋಡಿದ್ದು ಎರಡೇ ಸಲ. ಎರಡೂ ಸಲ ಓಡಿಸಿದ್ದು ಅಮ್ಮಾವ್ರು.

ಇಲ್ಲಿ ಓದುಗರಿಗೆ ಒಂದು ಮಾತು. ನನ್ನ ಹೆಂಡತಿ ಘಾಟಿಯ ಬುಡದಲ್ಲಿ ಹುಟ್ಟಿದವಳು. ಆ ದಿನ ಲಾರಿ ಹಾರ್ನ್ ಮಾಡುವ ಮೊದಲೇ ಆಕೆ "ಗೇರ್ ಇಳಿಸಿ ಮಾರಾಯ್ರೆ" ಎಂದಿದ್ದಳು. ಅದನ್ನು ನಾನು ಕೇಳಿಸಿಕೊಂಡಿರಲಿಲ್ಲ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ.

ನಾನು: ನಮ್ಮಪ್ಪ ಅಂಬಾಸಿಡರ್ ಓಡಿಸ್ತಿದ್ರು. ಬೇಗ ಟಾಪ್ ಗೇರಿಗೆ ಹಾಕು, ಎಂಜಿನ್ನಿಗೂ ಒಳ್ಳೇದು, ಪೆಟ್ರೋಲಿಗೂ ಒಳ್ಳೇದು ಅಂತ ಹೇಳಿಕೊಟ್ಟಿದ್ದು ಅವರೇ.

ಗಾಡಿ: ಹಿರಿಯರ ಮಾತು ಅವರ ಗಾಡಿಗೆ ಸರಿ. ಅದರ ಎಂಜಿನ್ನಿನ ಪಿಸ್ಟನ್ ಉದ್ದಕ್ಕೆ ಹೊಡೆಯೋ ಜಾತಿ; ಕೆಳಗಿನ ಸುತ್ತಿನಲ್ಲೇ ಆನೆ ಹಾಗೆ ಎಳೀತಿತ್ತು, ಮೇಲೆ ಹೋದ್ರೆ ಏದುಸಿರು ಬಿಡ್ತಿತ್ತು. ನನ್ನದು ತದ್ವಿರುದ್ಧ. ಆನೆ ಸಾಕಿದವರ ಮಾತು ಕೇಳಿ ನೀವು ಕುದುರೆಗೆ ಅಂಕುಶ ಹಿಡಿದಿದೀರಿ. ಇನ್ನೊಂದು ಪಿತ್ರಾರ್ಜಿತ ಇದೆಯಲ್ಲ ನಿಮ್ಮದು, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡೋದು?

ನಾನು: ಪೆಟ್ರೋಲ್ ಉಳಿಯುತ್ತಲ್ಲ!

ಗಾಡಿ: ಕಾರ್ಬುರೇಟರ್ ಕಾಲ ಹೋಗಿ ಎಷ್ಟು ವರ್ಷ ಆಯ್ತು? ಗೇರಿನಲ್ಲೇ ಬಿಟ್ಟು ಕಾಲೆತ್ತಿದ್ರೆ ನಾನು ಪೆಟ್ರೋಲನ್ನ ಪೂರ್ತಿ ನಿಲ್ಲಿಸ್ತೀನಿ. ಚಕ್ರವೇ ಎಂಜಿನ್ನನ್ನ ತಿರುಗಿಸುತ್ತೆ. ನ್ಯೂಟ್ರಲ್ ಮಾಡಿದ್ರೆ ಎಂಜಿನ್ ಆರದ ಹಾಗೆ ನೋಡ್ಕೊಳ್ಳೋಕೆ ತೊಟ್ಟು ತೊಟ್ಟಾಗಿ ಸುಡಲೇಬೇಕು. ಉಳಿಸೋಕೆ ಹೋಗಿ ಖರ್ಚು. ಜೊತೆಗೆ ಎಂಜಿನ್ನಿನ ಹಿಡಿತ ತಪ್ಪಿ ಬ್ರೇಕು ಕಾಯುತ್ತೆ. ಘಾಟಿ ಇಳಿದು ಗುಂಡ್ಯ ಬರೋ ಹೊತ್ತಿಗೆ ಸುಟ್ಟ ವಾಸನೆ ಬಂದಾಗ "ಯಾರೋ ಕಾಡಿಗೆ ಬೆಂಕಿ ಹಾಕಿದಾರೆ" ಅಂದ್ರಲ್ಲ, ನೆನಪಿದೆಯಾ?

ನಾನು: ಬೇರೆ ಪ್ರಶ್ನೆಗೆ ಹೋಗೋಣ. ಶೋರೂಮಿನ ಕಾಗದದಲ್ಲಿ 82 ಕುದುರೆ ಅಂತ ಅಚ್ಚಾಗಿತ್ತು. ಅದು ಸುಳ್ಳಾ ಹಾಗಾದರೆ?

ಗಾಡಿ: ಸರ್ಕಾರಿ ಮಂಜೂರಾತಿ ಆದೇಶ ಸುಳ್ಳಿರುತ್ತಾ? ಮಂಜೂರಾದದ್ದೆಲ್ಲ ಕಾಮಗಾರಿಗೆ ತಲುಪಬೇಕು, ಅಷ್ಟೇ. ಒಂದು ಕುದುರೆ ಅಂದ್ರೆ 75 ಕೆ.ಜಿ. ತೂಕವನ್ನ ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತೋ ಶಕ್ತಿ. ಹೆಚ್ಚುಕಮ್ಮಿ ನಿಮ್ಮನ್ನ ಕುರ್ಚಿ ಸಮೇತ ಮೇಜಿನ ಮೇಲೆ ಇಡೋದು. ನಿಮ್ಮೊಬ್ಬರನ್ನ ಕೂರಿಸ್ಕೊಂಡು ಸೊನ್ನೆಯಿಂದ ನೂರರ ವೇಗಕ್ಕೆ ಹೋಗೋಕೆ ಬೇಕಾದ ಶಕ್ತಿಯನ್ನ ಲೆಕ್ಕ ಹಾಕಿ 82 ಕುದುರೆಗೆ ಹಂಚಿದ್ರೆ ಆರೂವರೆ ಸೆಕೆಂಡಿಗೆ ಕೆಲಸ ಮುಗೀಬೇಕು. ರಸ್ತೆ ಮೇಲೆ ಹಿಡಿಯೋದು ಹದಿಮೂರು. ಅರ್ಧಕ್ಕರ್ಧ! ಕ್ಲಚ್ ತುಳಿದಾಗೆಲ್ಲ ಸ್ವಲ್ಪ, ಗೇರ್‌ಬಾಕ್ಸಿನ ತಿಕ್ಕಾಟಕ್ಕೆ ಸ್ವಲ್ಪ, ಚಕ್ರ ಗಿರಗಿರ ತಿರುಗಿಸೋಕೆ ಸ್ವಲ್ಪ, ಎಪ್ಪತ್ತು ದಾಟಿದ ಮೇಲೆ ಗಾಳಿಗೆ ಜಾಸ್ತಿ. ದೊಡ್ಡ ಸೋರಿಕೆ ಯಾವುದು ಅಂದ್ರೆ, ಆ 82 ಇರೋದು 6000ದಲ್ಲಿ ಮಾತ್ರ, ಅಲ್ಲಿಗೆ ಹತ್ತೋವರೆಗೂ ಕಮ್ಮಿಯಲ್ಲೇ ದುಡೀಬೇಕು. ಒಂದೊಂದು ಟೇಬಲ್ಲಿನಲ್ಲೂ ಒಂದಷ್ಟು ಬಿಟ್ಟು ಬರಬೇಕು. ನಿವೇಶನದ ಖಾತೆ ಮಾಡಿಸಿದವರು ನೀವು, ನಿಮಗೆ ನಾನೇನು ಹೇಳೋದು.

ನಾನು: ಆದರೂ ಮಂಗಳೂರಿನಲ್ಲಿ ಇದ್ದಷ್ಟು ಲವಲವಿಕೆ ಬೆಂಗಳೂರಿನಲ್ಲಿ ಇರೋದಿಲ್ಲ ನೀವು. ಇದು ನನ್ನ ಭ್ರಮೆಯಾ?

ಗಾಡಿ: ಇವತ್ತು ಇಡೀ ರಾತ್ರಿಯಲ್ಲಿ ನೀವು ಆಡಿದ ಬುದ್ಧಿವಂತಿಕೆ ಮಾತು ಇದೊಂದೇ. ನಾನು ಉಸಿರಾಡೋ ಪ್ರಾಣಿ. ಟರ್ಬೊ ಇದ್ದವರು ಗಾಳಿಯನ್ನ ಒತ್ತಿ ತುಂಬಿಸ್ಕೊಳ್ತಾರೆ, ನಾನು ಸಿಕ್ಕಷ್ಟು ಎಳ್ಕೊಳ್ಳೋದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಸುಮಾರು 8 ಪರ್ಸೆಂಟ್ ತೆಳು. ಗಾಳಿ ಎಷ್ಟೋ ಪೆಟ್ರೋಲ್ ಅಷ್ಟೇ, ಪೆಟ್ರೋಲ್ ಎಷ್ಟೋ ಕುದುರೆ ಅಷ್ಟೇ. ಕರಾವಳಿಯ 82, ಗೊರಗುಂಟೆಪಾಳ್ಯದಲ್ಲಿ 75. ಕರಾವಳಿಯ ಸೆಖೆ ಗಾಳಿಯನ್ನ ಹಿಗ್ಗಿಸಿ ಲಾಭದಲ್ಲಿ ಸ್ವಲ್ಪ ಕದಿಯುತ್ತೆ, ಆ ಮಾತು ಬೇರೆ. 1930 ಮೀಟರಿನ ಮುಳ್ಳಯ್ಯನಗಿರಿಗೆ ಹೋದ್ರೆ ಆರರಲ್ಲಿ ಒಂದು ಕುದುರೆ ಲಾಯಕ್ಕೇ ಬರಲ್ಲ. ಹೋದ ವರ್ಷ ಅಲ್ಲಿ ನೀವು ಹುಡುಗರನ್ನ ಇಳಿಸಿ ತಳ್ಳಿಸಿದ್ರಲ್ಲ, ಅದರಲ್ಲಿ ನನ್ನ ಪಾಲು ಆ ಒಂದೇ ಭಾಗ. ಉಳಿದದ್ದು ಮೂರನೇ ಗೇರು.

ನಾನು: ಇದಕ್ಕೆಲ್ಲ ಪರಿಹಾರ ಅಂತಲೇ ಅಲ್ಲವೇ ನಾವು ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಿಗೆ ಹೋಗಿದ್ದು.

ಗಾಡಿ: (ಬಾನೆಟ್ಟಿನೊಳಗೆ ಏನೋ ಕೆಮ್ಮಿದಂತಾಗುತ್ತದೆ) ಆ ಶನಿವಾರವನ್ನ ನೆನಪಿಸಬೇಡಿ. ಮದುವೆ ಆಗದ ಹುಡುಗನನ್ನ ಜ್ಯೋತಿಷಿ ಹತ್ರ ಕೂರಿಸಿದ ಹಾಗಿತ್ತು. ಒಬ್ಬ ನನ್ನ ಡ್ಯಾಶ್‌ಬೋರ್ಡಿನ ಕೆಳಗೆ, ಮೆಕ್ಯಾನಿಕ್ ಕಂಪ್ಯೂಟರ್ ಸಿಕ್ಕಿಸೋ ತೂತಿದೆಯಲ್ಲ, ಅದಕ್ಕೆ ಬೆಂಕಿಪೊಟ್ಟಣದಷ್ಟು ಡಬ್ಬಿ ಸಿಕ್ಕಿಸಿದ. "ಸಾರ್, ಇಪ್ಪತ್ತು ಪರ್ಸೆಂಟ್ ಪವರ್ ಜಾಸ್ತಿ" ಅಂದ. ಅದರೊಳಗೆ ಇದ್ದದ್ದು ಎರಡು ಮಿಣಮಿಣ ದೀಪ. ನಮ್ಮಜ್ಜಿ ಕಾಲದ ತಾಯಿತದಲ್ಲಿ ಕಡೇಪಕ್ಷ ತಾಮ್ರ ಇರ್ತಿತ್ತು.

ನಾನು: ಆಕ್ಸಿಲರೇಟರಿಗೆ ಹಾಕುವ ಇನ್ನೊಂದು ಡಬ್ಬಿ ತೋರಿಸಿದನಲ್ಲ, ಅದನ್ನು ಹಾಕಿ ಓಡಿಸಿ ನೋಡಿದಾಗ ನಿಜವಾಗಿಯೂ ನೆಗೆಯಿತು!

ಗಾಡಿ: ನೆಗೆದಿದ್ದು ನಿಜ. ಆದರೆ ಅದು ಶಕ್ತಿ ಅಲ್ಲ, ಚಾಡಿ. ನನ್ನ ಆಕ್ಸಿಲರೇಟರಿಗೆ ಎಳೆಯೋ ಕೇಬಲ್ ಇಲ್ಲ, ಕಾಲು ಎಷ್ಟು ಒತ್ತಿದೆ ಅಂತ ವೈರಿನಲ್ಲಿ ಸುದ್ದಿ ಬರುತ್ತೆ. ನಿಮ್ಮ ಕಾಲು ಕಾಲುಭಾಗ ಒತ್ತಿದ್ರೆ ಆ ಡಬ್ಬಿ "ಅರ್ಧ ಒತ್ತಿದಾರೆ" ಅಂತ ನನ್ನ ಕಿವಿಗೆ ಊದುತ್ತೆ. ನೆಲಕ್ಕೆ ಒತ್ತಿದಾಗ ಮೊದಲೆಷ್ಟು ಕುದುರೆ ಇತ್ತೋ ಆಗಲೂ ಅಷ್ಟೇ. ಅದೇ ಕೆಲಸವನ್ನ ನಿಮ್ಮ ಹೆಬ್ಬೆರಳು ಬಿಟ್ಟಿ ಮಾಡುತ್ತೆ.

ನಾನು: ದೊಡ್ಡ ಅಲಾಯ್ ಚಕ್ರ?

ಗಾಡಿ: ಅದು ನೋಡೋಕೆ ಚಂದ. ಓಡೋಕೆ, ಹುಡುಗನಿಗೆ ಅಪ್ಪನ ಬೂಟು ಹಾಕಿದ ಹಾಗೆ. ಚಕ್ರ ಭಾರವಾದ್ರೆ ಅದನ್ನ ಮುಂದಕ್ಕೂ ತಳ್ಳಬೇಕು, ಸುತ್ತಲೂ ತಿರುಗಿಸಬೇಕು, ಎರಡು ಸಲ ಬಾಡಿಗೆ. ಟೈರಿನ ಸುತ್ತಳತೆಯೂ ಹೆಚ್ಚಾಯ್ತು ಅಂದ್ರೆ ಎಲ್ಲಾ ಗೇರೂ ಉದ್ದ ಆದ ಹಾಗೆ, ಇದ್ದ ಪಿಕಪ್ಪೂ ಹೋಯ್ತು. ಆಮೇಲೆ ಆ ಶಂಕುವಿನಾಕಾರದ ಏರ್ ಫಿಲ್ಟರ್. ಕಂಪನಿಯವರು ನನ್ನ ಮೂಗನ್ನ ಹೊರಗಿನ ತಣ್ಣಗಿನ ಗಾಳಿಗೆ ಇಟ್ಟಿದ್ರು. ಇವನು ಅದನ್ನ ಕಿತ್ತು ಬಿಸಿ ಎಂಜಿನ್ನಿನ ಪಕ್ಕ ಸಿಕ್ಕಿಸ್ತೀನಿ ಅಂದ. ಒಲೆ ಮುಂದೆ ಕೂತು ಪ್ರಾಣಾಯಾಮ! ಸದ್ದು ಮಾತ್ರ ಗಂಭೀರವಾಗಿ ಬರುತ್ತೆ, ಅದಕ್ಕೇ ಜನ ಮೋಸ ಹೋಗೋದು. ಸೈಲೆನ್ಸರ್ ಬದಲಿಸೋದೂ ಅದೇ ಕಥೆ. ಸದ್ದನ್ನ ಶಕ್ತಿ ಅಂದ್ಕೊಳ್ಳೋ ರೂಢಿ ನಮ್ಮ ಕಡೆ ಹಳೇದು, ಯಾವ ಚುನಾವಣಾ ಸಭೆಗೆ ಬೇಕಾದ್ರೂ ಹೋಗಿ ನೋಡಿ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಂತ ಒಂದಿದೆ, ತಯಾರಿಸಿದವನು ಕೊಟ್ಟ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ. ಠಾಣೆಗೆ ನಾನು ಹೋದ್ರೆ ಬಿಡಿಸ್ಕೊಂಡು ಬರೋರು ನೀವು.

ನಾನು: ಎಂಜಿನ್ನಿನ ಕಂಪ್ಯೂಟರನ್ನೇ ರೀಮ್ಯಾಪ್ ಮಾಡಿಸಿದರೆ?

ಗಾಡಿ: ಟರ್ಬೊ ಇದ್ದವರಿಗೆ ಅದು ಲಾಭ. ಗಾಳಿ ಒತ್ತೋ ಯಂತ್ರವೇ ಇರೋದರಿಂದ ಇನ್ನಷ್ಟು ಒತ್ತು ಅಂತ ಹೇಳಬಹುದು. ಜೊತೆಗೆ ಗೇರ್‌ಬಾಕ್ಸ್, ಕ್ಲಚ್ ಮೇಲೂ ಅಷ್ಟೇ ಒತ್ತಡ, ವಾರಂಟಿಗೂ ನಮಸ್ಕಾರ. ನನ್ನಂಥ ಬಡಪಾಯಿಗೆ ಎಷ್ಟು ಕೆರೆದ್ರೂ ನಾಲ್ಕೈದು ಕುದುರೆ. ಅದಕ್ಕೆ ಕೊಡೋ ದುಡ್ಡಿನಲ್ಲಿ ನಾಲ್ಕು ಹೊಸ ಟೈರು ಬರುತ್ತೆ. ನೀವು ಹಿಂದೆ ಅಂಟಿಸಿದ "ಟರ್ಬೊ" ಅನ್ನೋ ಸ್ಟಿಕರ್ ಬಗ್ಗೆ ಹೇಳೋದೇ ಮರೆತಿದ್ದೆ.

ನಾನು: ಅದು ಸುಮ್ಮನೆ ಅಲಂಕಾರಕ್ಕೆ...

ಗಾಡಿ: ಆ ಕ್ಲೀನರ್ ಹುಡುಗ ನಿಮ್ಮನ್ನ ಹಾಗೆ ನೋಡಿದ್ದು ಅದನ್ನ ಓದಿಕೊಂಡು ಬಂದು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಪಕ್ಕದ ಜಾಗದಲ್ಲಿ ಮೂರನೇ ಮಹಡಿಯವರ ಹೊಸ ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್ ಚಾರ್ಜಿಗೆ ನಿಂತಿತ್ತು, ಹಸಿರು ದೀಪ ಉರಿಸಿಕೊಂಡು. ನಮ್ಮದು ಅದರ ಕಡೆ ಕನ್ನಡಿಯನ್ನೂ ತಿರುಗಿಸಲಿಲ್ಲ.

ನಾನು: ಅವರ ಬಗ್ಗೆ ಏನು ಹೇಳ್ತೀರಿ?

ಗಾಡಿ: ಏನು ಹೇಳಲಿ? ಎಂಜಿನ್ ಏರಲಿ ಅಂತ ಕಾಯಬೇಕಾಗಿಲ್ಲ, ಗೇರಿನ ಗೊಡವೆ ಇಲ್ಲ, ನಿಂತಲ್ಲೇ ಪೂರ್ತಿ ಟಾರ್ಕ್. ಬೆಟ್ಟದ ಮೇಲೆ ಉಸಿರು ಕಟ್ಟಲ್ಲ, ಉಸಿರಾಡೋದೇ ಇಲ್ಲವಲ್ಲ. ಸಿಗ್ನಲ್ ಬಿಟ್ಟ ಕೂಡಲೇ ನನ್ನ ಮುಂದೆ ಹೋಗಿ ಮುಂದಿನ ಸಿಗ್ನಲ್ಲಿನಲ್ಲಿ ನನಗಾಗಿ ಕಾಯ್ತಾ ನಿಂತಿರುತ್ತೆ. ಅದಕ್ಕೂ ಒಬ್ಬ ಮುತ್ತಾತ ಇದ್ದ, ಇದೇ ಊರಿನಲ್ಲಿ ಹುಟ್ಟಿದ ರೇವಾ. 2001ರಲ್ಲಿ ರಸ್ತೆಗೆ ಬಂತು. ಅದನ್ನ ನೋಡಿ ಊರೆಲ್ಲ ನಕ್ಕಿತ್ತು. ಈಗ ನಗೋ ಸರದಿ ಯಾರದು ಅಂತ ಬಿಡಿಸಿ ಹೇಳ್ಬೇಕಾ?

ನಾನು: ಬಂಕಿನ ಹುಡುಗ ದುಬಾರಿ ಪೆಟ್ರೋಲ್ ಹಾಕಿಸಿ ಸಾರ್, ಪಿಕಪ್ ಬರುತ್ತೆ ಅಂತಾನೆ.

ಗಾಡಿ: ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ, ಸಹನೆ. ಒತ್ತಡದಲ್ಲಿ ತಾನಾಗೇ ಸಿಡಿಯದೆ ಕಿಡಿ ಬರೋವರೆಗೆ ಕಾಯೋ ಗುಣ. ನನ್ನನ್ನ ಮಾಡಿರೋದೇ 91ಕ್ಕೆ. ನೂರರದು ಹಾಕಿದ್ರೆ ಬಂಕಿನವನಿಗೆ ಪಿಕಪ್ ಬರುತ್ತೆ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಬೇರೆ. ಲೀಟರಿಗೆ ಲೀಟರ್ ತೂಗಿದ್ರೆ ಎಥನಾಲಿನಲ್ಲಿ ಶಕ್ತಿ ಮೂರನೇ ಒಂದು ಭಾಗ ಕಮ್ಮಿ. ಅದರ ಪೆಟ್ಟು ಪಿಕಪ್ಪಿಗಿಂತ ಮೈಲೇಜಿಗೆ. ಅದನ್ನ ನೀವಾಗಲೇ ಕಂಡುಹಿಡಿದು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೀರಿ. ಶೋರೂಮಿನಲ್ಲೂ ನೀವು ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ಕೊಡುತ್ತೆ?" ಅಂತ. ಹೆಣ್ಣು ನೋಡೋಕೆ ಬಂದಾಗ ಅಡುಗೆ ಬರುತ್ತಾ ಅಂತ ಮಾತ್ರ ಕೇಳಿ, ಹನ್ನೊಂದು ವರ್ಷದ ಮೇಲೆ ಭರತನಾಟ್ಯ ಯಾಕೆ ಬರಲ್ಲ ಅಂದ್ರೆ ನ್ಯಾಯವಾ?

ನಾನು: ಹಾಗಾದರೆ ಮಾಡಬಹುದಾದದ್ದು ಏನೂ ಇಲ್ಲವೇ?

ಗಾಡಿ: ಇದೆ. ಆದರೆ ಅದಕ್ಕೆ ಜೆ.ಸಿ. ರೋಡ್ ಬೇಡ, ನಿಮ್ಮ ಸೊಂಟ ಬಗ್ಗಿದ್ರೆ ಸಾಕು. ಟೈರಿನ ಗಾಳಿ ನೋಡಿ. ಬಾಗಿಲ ಕಂಬದ ಚೀಟಿಯಲ್ಲಿ 32 ಅಂತಿದೆ, ಈಗಿರೋದು 23. ಪಕ್ಕದ ಗೋಡೆಯಲ್ಲಿ ನಾಲ್ಕಂಕಿ ಇದೆಯಲ್ಲ, ಅದು ಟೈರು ಹುಟ್ಟಿದ ವಾರ ಮತ್ತು ವರ್ಷ. ಓದಿ ನಾಚಿಕೊಳ್ಳಿ. ಏರ್ ಫಿಲ್ಟರ್ ಬಿಚ್ಚಿ. ಈ ಬೇಸ್‌ಮೆಂಟಿನ ಇಲಿ ಒಂದು ಅಲ್ಲಿ ಬಾಣಂತನ ಮುಗಿಸಿ ಹೋಗಿದೆ. ಫಿಲ್ಟರ್ ಕಟ್ಟಿದ್ರೆ ನನ್ನಂಥ ಇಂಜೆಕ್ಷನ್ ಗಾಡಿಯ ಮೈಲೇಜ್ ಅಷ್ಟೇನೂ ಇಳಿಯಲ್ಲ, ಅದಕ್ಕೇ ನಿಮ್ಮ ಡೈರಿಗೆ ಗೊತ್ತಾಗಲಿಲ್ಲ. ಪೂರ್ತಿ ಒತ್ತಿದಾಗ ಉಸಿರು ಸಾಲಲ್ಲ, ಪಿಕಪ್ ಹೋಗುತ್ತೆ. ಸ್ಪಾರ್ಕ್ ಪ್ಲಗ್ ಕೊನೇ ಸಲ ಬದಲಿಸಿದ್ದು ನಿಮ್ಮ ಮಗಳು ಅಂಗನವಾಡಿಗೆ ಹೋಗ್ತಿದ್ದಾಗ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕುಂಬಳಕಾಯಿ ಒಡೆದು, ಗ್ರಿಲ್ ಮುಚ್ಚೋ ಹಾಗೆ ಚೆಂಡುಹೂವಿನ ಹಾರ ಕಟ್ಟಿ, ಆ ಹಾರ ಕಾರ್ತೀಕದವರೆಗೂ ಒಣಗ್ತಾ ಇರುತ್ತೆ. ಭಕ್ತಿ ದೊಡ್ಡದು, ಸರ್ವಿಸ್ ಅದಕ್ಕಿಂತ ದೊಡ್ಡದು.

ನಾನು: ಕ್ಲಚ್?

ಗಾಡಿ: ಅದನ್ನ ನೀವೇ ತಿಂದಿರೋದು. ಗೊರಗುಂಟೆಪಾಳ್ಯದ ಮೇಲ್ಸೇತುವೆಯ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಹಾಫ್ ಕ್ಲಚ್ಚಿನಲ್ಲಿ ತೂಗಾಡ್ತಾ ನಿಂತ್ರಲ್ಲ ಇವತ್ತು, ಇಪ್ಪತ್ತು ನಿಮಿಷ. ರೇಸ್ ಕೊಟ್ಟಾಗ ಎಂಜಿನ್ ಸದ್ದು ಏರಿ ಗಾಡಿ ಏರದಿದ್ರೆ ಪ್ಲೇಟು ಜಾರ್ತಿದೆ ಅಂತ ಅರ್ಥ. ಇನ್ನೂ ಪೂರ್ತಿ ಜಾರಿಲ್ಲ, ದಾರಿಯಲ್ಲಿದೆ. ಆದರೆ ಯಜಮಾನ್ರೇ, ಇದೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಹೇಳಿದ್ರೆ ಬೇಜಾರು ಮಾಡ್ಕೋಬೇಡಿ.

ನಾನು: ಇನ್ನು ಬೇಜಾರಾಗೋಕೆ ಉಳಿದಿರೋದಾದರೂ ಏನು?

ಗಾಡಿ: ಬಾಗಿಲು ತೆಗೆದು ಆಕ್ಸಿಲರೇಟರ್ ಕೆಳಗೆ ಕೈ ಹಾಕಿ.

ಮೊಬೈಲ್ ಬೆಳಕಿನಲ್ಲಿ ಬಗ್ಗಿ ನೋಡಿದೆ. ಮೇಲೆ ಒಂದು ರಬ್ಬರ್ ಮ್ಯಾಟ್. ಅದರಡಿ ಚರ್ಮದಂತೆ ಹೊಳೆಯುವ ದಪ್ಪ ಮ್ಯಾಟ್, ಕಾರಿನ ಐದನೇ ಹುಟ್ಟುಹಬ್ಬಕ್ಕೆ ನಾನೇ ಕೊಡಿಸಿದ್ದು. ಅದರಡಿ ಶೋರೂಮಿನವರು ಕೊಟ್ಟ ಮೂಲ ಮ್ಯಾಟ್, ಅದಕ್ಕೆ ಇನ್ನೂ ಪ್ಲಾಸ್ಟಿಕ್ ಹೊದಿಕೆ. ಎಲ್ಲದರ ಅಡಿಯಲ್ಲಿ ಮಳೆಗಾಲದ ಕೆಸರಿಗೆ ಹಾಸಿದ್ದ ವೃತ್ತಪತ್ರಿಕೆ ಹಲ್ವದ ಹಾಗೆ ಗಟ್ಟಿಯಾಗಿತ್ತು. ಪೆಡಲನ್ನು ಕೈಯಿಂದ ಒತ್ತಿದೆ. ಮುಕ್ಕಾಲು ದಾರಿಗೆ ಹೋಗಿ ಮ್ಯಾಟಿಗೆ ತಾಗಿ ನಿಂತಿತು.

ಗಾಡಿ: ನೀವು ನೆಲಕ್ಕೆ ಒತ್ತಿದ್ರಿ ಅಂದ್ಕೊಂಡಿದ್ದು ನೆಲ ಅಲ್ಲ. ಆರು ವರ್ಷದಿಂದ ನನಗೆ ಪೂರ್ತಿ ರೇಸ್ ಸಿಕ್ಕೇ ಇಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನಮ್ಮ ವಿಷಯದಲ್ಲಿ ಮಾತ್ರ ನೆಲವೇ ಡೊಂಕು. ಅದೂ ನೀವೇ ಹಾಸಿದ್ದು. ಇದು ಬರೀ ಪಿಕಪ್ಪಿನ ವಿಷಯವೂ ಅಲ್ಲ. ಮ್ಯಾಟ್ ಜಾರಿ ಪೆಡಲಿನ ಮೇಲೆ ಕೂತ್ರೆ ಕಾಲೆತ್ತಿದ್ರೂ ವೇಗ ಇಳಿಯಲ್ಲ, ಬ್ರೇಕಿನ ಕೆಳಗೆ ಮಡಚಿಕೊಂಡ್ರೆ ನಿಲ್ಲೋದೇ ಇಲ್ಲ.

ನಾನು: ಬ್ರೇಕ್ ಅಂದಿದ್ದಕ್ಕೆ ನೆನಪಾಯ್ತು. ಇಷ್ಟೆಲ್ಲ ಸರಿ ಮಾಡಿಸಿದ ಮೇಲೆ ನೀವು ನಿಜವಾಗಿ ನೆಗೆಯೋಕೆ ಶುರು ಮಾಡಿದರೆ?

ಗಾಡಿ: ಮೊದಲು ಟೈರು, ಆಮೇಲೆ ಬ್ರೇಕು, ಆಮೇಲೆ ಮಾತು. ವೇಗ ಎರಡು ಪಟ್ಟು ಆದ್ರೆ ನಿಲ್ಲಿಸೋಕೆ ಬೇಕಾದ ದೂರ ನಾಲ್ಕು ಪಟ್ಟು. ನಲವತ್ತರಲ್ಲಿ ಹತ್ತು ಮೀಟರಿನಲ್ಲಿ ನಿಲ್ಲೋದು ಎಂಬತ್ತರಲ್ಲಿ ನಲವತ್ತು ಮೀಟರ್ ಕೇಳುತ್ತೆ, ಅದೂ ನಿಮ್ಮ ಕಾಲು ಬ್ರೇಕಿನ ಮೇಲೆ ಬಂದ ಮೇಲೆ. ನಿಮಗೆ ಪಿಕಪ್ ಬೇಕಾಗಿರೋದು ವರ್ಷಕ್ಕೆ ನಾಲ್ಕು ದಿನ, ಘಾಟಿಯಲ್ಲಿ, ಎದುರು ರಸ್ತೆ ಕಾಣೋ ಕಡೆ ಲಾರಿ ದಾಟೋಕೆ. ಉಳಿದ ದಿನ ನಾವಿಬ್ಬರೂ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತಿರ್ತೀವಿ. ಹೋಗಿ ಮಲಗಿ. ಎರಡು ಗಂಟೆಯಾಯ್ತು.

ಮಾರನೆಯ ಭಾನುವಾರ ಡಿಕ್ಕಿ ಖಾಲಿ ಮಾಡಿದೆ. ಸಿಕ್ಕಿದ್ದು: ಮನೆ ಕಟ್ಟಿಸಿದಾಗ ಉಳಿದ ಅರ್ಧ ಮೂಟೆ ಸಿಮೆಂಟು, ಅದೀಗ ಪೂರ್ತಿ ಕಲ್ಲು, ಮಗ ಕ್ರಿಕೆಟ್ ಬಿಟ್ಟು ಮೂರು ವರ್ಷವಾದರೂ ಬಿಡದ ಕಿಟ್ಟು, ಹಳೆಯ ಬ್ಯಾಟರಿ, ಇಪ್ಪತ್ತು ಲೀಟರಿನ ನೀರಿನ ಕ್ಯಾನು, ತುಂಬಿದ್ದು, ಎರಡು ಕಟ್ಟು ಹಳೆಯ ಪತ್ರಿಕೆ, ಯಾರದೋ ಗೃಹಪ್ರವೇಶದ ಸ್ಟೀಲ್ ಡಬ್ಬ, ಎರಡನೇ ಸ್ಟೆಪ್ನಿ. ಎರಡನೆಯದು ಯಾಕೆ ಎಂದು ನನಗೂ ನೆನಪಿಲ್ಲ. ಮ್ಯಾಟುಗಳಲ್ಲಿ ಶೋರೂಮಿನದನ್ನು ಪ್ಲಾಸ್ಟಿಕ್ ಕಿತ್ತು ಉಳಿಸಿಕೊಂಡೆ, ಅದಕ್ಕೆ ನೆಲದಲ್ಲಿ ಕೊಕ್ಕೆ ಇರುವುದು ಆಗ ಕಂಡಿತು. ಟರ್ಬೊ ಸ್ಟಿಕರ್ ಸೀಮೆಎಣ್ಣೆ ಹಚ್ಚಿ ತೆಗೆದರೂ ಅಕ್ಷರಗಳ ಗುರುತು ಉಳಿದಿದೆ.

ನೀರು ಚೆಲ್ಲಿ, ಸಿಮೆಂಟನ್ನು ವಾಚ್‌ಮನ್‌ಗೆ ಒಪ್ಪಿಸಿ, ಉಳಿದದ್ದನ್ನು ಗುಜರಿಯವನಿಗೆ ಕೊಟ್ಟೆ. ತಕ್ಕಡಿಯಲ್ಲಿ ನಲವತ್ತೊಂದು ಕಿಲೊ ಬಂತು. ಬ್ಯಾಟರಿಗೆ ಒಳ್ಳೆಯ ದರ ಸಿಕ್ಕಿದ್ದರಿಂದ ಏರ್ ಫಿಲ್ಟರಿನ ಖರ್ಚು ಅದರಲ್ಲೇ ಕಳೆಯಿತು. ಮುಂದಿನ ತಿಂಗಳು ಪುತ್ತೂರಿನಲ್ಲಿ ಮದುವೆಯಿದೆ. ಘಾಟಿಯಲ್ಲಿ ಓಡಿಸುವವಳು ನನ್ನ ಹೆಂಡತಿ.